ಶಿವರಾತ್ರಿ ಆಸುಪಾಸಿನ ಸಿಂಹಗಡ: ಹತ್ತುವ ಮೊದಲು ಇಳಿಯುವ ಲೆಕ್ಕ

ಫೆಬ್ರವರಿ, ಮಾರ್ಚ್‌ನಲ್ಲಿ ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಹೋದವರು ಜಾರಿ ಬೀಳುವುದು ಹೆಚ್ಚಾಗಿ ಇಳಿಯುವಾಗ. ಮಳೆಗಾಲದಲ್ಲಿ ಕೆಸರು ಕಂಡು ಎಲ್ಲರೂ ನೋಡಿ ಕಾಲಿಡುತ್ತಾರೆ. ಈಗ ದಾರಿ ಒಣಗಿದೆ ಅಂತ ಮೈಮರೆಯುತ್ತಾರೆ. ಆದರೆ ಆ ಕೆಸರೇ ಒಣಗಿ, ನಡೆಯುವವರ ಕಾಲಡಿ ಪುಡಿಯಾಗಿ, ಗಟ್ಟಿ ನೆಲದ ಮೇಲೆ ಸಡಿಲ ಗರಸಾಗಿ ಕೂತಿರುತ್ತದೆ. ಅದರ ಮೇಲೆ ಕಾಲಿಡುವುದೆಂದರೆ ಗಚ್ಚಿನ ಮೇಲೆ ಚೆಲ್ಲಿದ ಕಡಲೆಯ ಮೇಲೆ ನಡೆದ ಹಾಗೆ. ಅಷ್ಟೊತ್ತಿಗೆ ತೊಡೆ ಸೋತಿರುತ್ತದೆ, ಬಾಟಲಿ ಬರಿದಾಗಿರುತ್ತದೆ, ಬಿಸಿಲು ನೆತ್ತಿಗೆ ಬಂದಿರುತ್ತದೆ. ಹಾಗಾಗಿ ಈ ಕಾಲದಲ್ಲಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಎಷ್ಟೊತ್ತಿಗೆ ಕೆಳಗಿರಬೇಕು ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಹೊರಡುವ ಹೊತ್ತು ತಾನಾಗಿ ಸಿಗುತ್ತದೆ.

ನಮ್ಮ ಲೆಕ್ಕದಲ್ಲಿ ಆ ಗಡುವು ಬೆಳಗಿನ 10.30. ಕೋಟೆ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಬುಡದ ಹಳ್ಳಿ ಅತಕರವಾಡಿಯಿಂದ ಕೋಟೆಯ ಬಾಗಿಲಾದ ಪುಣೆ ದರವಾಜಾದವರೆಗಿನ ಕಾಲುದಾರಿ ಮೂರು ಕಿಲೋಮೀಟರ್ ಒಳಗೇ ಮುಗಿದರೂ ಏರು ಸುಮಾರು 600 ಮೀಟರ್. ಹೊಸಬರಿಗೆ ಹತ್ತಲು ಎರಡು ಗಂಟೆ, ಮೇಲೆ ಒಂದು ಗಂಟೆ, ಇಳಿಯಲು ಒಂದೂಕಾಲು ಗಂಟೆ ಹಿಡಿಯಿರಿ. ಅಂದರೆ 6.15ಕ್ಕೆ ಬುಡದಲ್ಲಿ ಮೊದಲ ಹೆಜ್ಜೆ ಬೀಳಬೇಕು. ಫೆಬ್ರವರಿ ನಡುವಿನಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7ಕ್ಕೆ, ಮಾರ್ಚ್ ಕೊನೆಗೆ 6.30ರ ಸುಮಾರಿಗೆ. ಆದ್ದರಿಂದ ಫೆಬ್ರವರಿಯಲ್ಲಿ ಹೋಗುವುದಾದರೆ ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು. ಮೊಬೈಲ್ ಟಾರ್ಚ್ ಸಾಲದು, ಒಂದು ಕೈ ಅದಕ್ಕೇ ಮೀಸಲಾಗುತ್ತದೆ. (ಶಿವಾಜಿಯ ಸೇನಾನಿ ತಾನಾಜಿ ಮಾಲುಸರೆ ಈ ಕೋಟೆ ಏರಿದ್ದೂ 1670ರ ಫೆಬ್ರವರಿಯ ರಾತ್ರಿಯಲ್ಲೇ. ಆತ ಹಿಡಿದದ್ದು ಕಡಿದಾದ ಬಂಡೆ, ನಮಗೆ ಕಾಲುದಾರಿ ಸಾಕು.)

ಪುಣೆಯ ಸ್ವಾರಗೇಟ್‌ನಿಂದ 50ನೇ ನಂಬರಿನ ಸಿಟಿ ಬಸ್ಸು ಗುಡ್ಡದ ಬುಡದ ತನಕ ಬರುತ್ತದೆ. ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಹಿಂದಿನ ದಿನವೇ ವಿಚಾರಿಸಿ; ಅದು ತಡವಾದರೆ ಬೈಕೋ ಕಾರೋ ವಾಸಿ. ಊರಲ್ಲಿ ದಾರಿ ಕೇಳುವಾಗ ‘ಪಾಯವಾಟ’ (ಕಾಲುದಾರಿ) ಎಲ್ಲಿ ಎಂದೇ ಕೇಳಿ. ಬರೀ ‘ರೋಡ್’ ಅಂದರೆ ಗಾಡಿ ಹೋಗುವ ಘಾಟ್ ರಸ್ತೆ ತೋರಿಸುತ್ತಾರೆ.

ಬೂಟಿನ ಅಡಿ ತಿರುಗಿಸಿ ನೋಡಿ. ಸೋಲ್‌ನ ಗೀರುಗಳು ಕನಿಷ್ಠ 3 ಮಿಲಿಮೀಟರ್ ಆಳ ಇರಬೇಕು. ಜಿಮ್‌ಗೋ ವಾಕಿಂಗ್‌ಗೋ ಹಾಕಿ ಸವೆದ ಬೂಟು ಹತ್ತುವಾಗ ಏನೂ ಅನ್ನಿಸುವುದಿಲ್ಲ, ಇಳಿಯುವಾಗ ಕೈಕೊಡುತ್ತದೆ. ಬೂಟು ಹಾಕಿ ನಿಂತಾಗ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಉಳಿಯಲಿ, ಉಗುರನ್ನು ಎರಡು ದಿನ ಮೊದಲೇ ಕತ್ತರಿಸಿಕೊಳ್ಳಿ. ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳ ತುದಿ ಬೂಟಿಗೆ ಬಡಿದು ಉಗುರು ಕಪ್ಪಾಗುತ್ತದೆ. ಪ್ಯಾಂಟು ಪೂರ್ತಿ ಉದ್ದದ್ದಿರಲಿ. ಒಣ ಹುಲ್ಲಿನ ಊಬು ಕಾಲುಚೀಲಕ್ಕೆ ಸಿಕ್ಕಿಕೊಂಡರೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ಬೆಳಗಿನ ಚಳಿಗೆ ಒಂದು ತೆಳು ಜಾಕೆಟ್ ಸಾಕು. ಅದನ್ನೂ ಹತ್ತಲು ಶುರು ಮಾಡಿದ ಹತ್ತು ನಿಮಿಷಕ್ಕೆ ಬಿಚ್ಚಿ ಚೀಲಕ್ಕೆ ಹಾಕಿ. ಬೆವರಿನಿಂದ ಒಳಗೇ ಒದ್ದೆಯಾದರೆ ಮೇಲಿನ ಗಾಳಿಗೆ ನಡುಕ ಹತ್ತುತ್ತದೆ.

ನೀರು ತಲೆಗೆ ಎರಡು ಲೀಟರ್. ಒಂದು ಲೀಟರ್ ಸಾದಾ ನೀರು. ಇನ್ನೊಂದಕ್ಕೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚದ ಮೇಲೆ ಗುಡ್ಡೆ ಬೇಡ, ಮಟ್ಟಸವಾಗಿರಲಿ. ಬೆವರಿನಲ್ಲಿ ಹೋದ ಉಪ್ಪು ಬರೀ ನೀರಿನಿಂದ ವಾಪಸ್ ಬರುವುದಿಲ್ಲ. ನಿಂಬೆಹುಳಿ ನಿಮ್ಮಿಷ್ಟ. ದಾರಿಯಲ್ಲಿ ಸೌತೆಕಾಯಿ, ತಾಕ್ (ಮಜ್ಜಿಗೆ) ಮಾರುವವರು ಸಿಗುತ್ತಾರೆ, ಮೇಲೆ ದೇವಟಾಕೆ ಎಂಬ ನೀರಿನ ತೊಟ್ಟಿಯ ಸಿಹಿನೀರಿನ ಹೆಸರೂ ಇದೆ. ಆದರೆ ಅವನ್ನು ನಂಬಿ ಬಾಟಲಿ ಕಡಿಮೆ ಮಾಡಬೇಡಿ. ತಿನ್ನಲು ಎರಡು ಬಾಳೆಹಣ್ಣು, ಶೇಂಗಾ ಚಿಕ್ಕಿ. ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಅದಕ್ಕಿಂತ ಹಗುರವಾದ ಬುತ್ತಿ ಇನ್ನೊಂದಿಲ್ಲ.

ಹತ್ತುವ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ. ಮಾತಾಡುತ್ತ ಹತ್ತಲು ಆಗುವಷ್ಟೇ ವೇಗ ಇರಲಿ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ ನಿಧಾನ ಮಾಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ನಿಮಿಷ ನಿಲ್ಲಿ, ನಾಲ್ಕು ಗುಟುಕು ಕುಡಿಯಿರಿ. ಕೂತುಬಿಟ್ಟರೆ ಕಾಲು ಬಿಗಿಯುತ್ತದೆ. 8.30 ಆದರೂ ದರವಾಜಾ ಸಿಗದಿದ್ದರೆ ಅಲ್ಲಿಂದಲೇ ತಿರುಗಿ, ಕೋಟೆ ಎಲ್ಲಿಗೂ ಹೋಗುವುದಿಲ್ಲ. ಮೇಲೆ ಸಿಗುವ ಪಿಠಲ (ಕಡಲೆಹಿಟ್ಟಿನ ಪಲ್ಯ), ಭಾಕ್ರಿ (ರೊಟ್ಟಿ), ಮಡಕೆ ಮೊಸರು ಬಿಡುವುದು ಕಷ್ಟ ಅನ್ನುವುದು ಗೊತ್ತು. ಅರ್ಧ ಹೊಟ್ಟೆಗೆ ನಿಲ್ಲಿಸಿ. ತುಂಬಿದ ಹೊಟ್ಟೆಯಲ್ಲಿ ಬಿಸಿಲಿಗೆ ಇಳಿದರೆ ಹೊಟ್ಟೆ ತೊಳಸುತ್ತದೆ.

ಇಳಿಯುವ ಮುಂಚೆ ಬೂಟಿನ ಲೇಸ್ ಪೂರ್ತಿ ಬಿಚ್ಚಿ. ಹಿಮ್ಮಡಿಯನ್ನು ಬೂಟಿನ ಹಿಂಭಾಗಕ್ಕೆ ಒತ್ತಿ, ಎರಡು ಸಲ ನೆಲಕ್ಕೆ ಕುಟ್ಟಿ ಕೂರಿಸಿ. ಬೆರಳ ಕಡೆ ಸಡಿಲ, ಕಣಕಾಲಿನ ಕಡೆ ಬಿಗಿ ಬರುವಂತೆ ಕಟ್ಟಿಕೊಂಡು ಬನ್ನಿ. ತುದಿಯಲ್ಲಿ ಒಂದರ ಪಕ್ಕ ಒಂದು ಎರಡು ರಂಧ್ರ ಇದ್ದರೆ ಲೇಸನ್ನು ಅದೇ ಬದಿಯ ಎರಡನೆಯದಕ್ಕೆ ಹಾಕಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗಿಂದ ಎಳೆದು ಗಂಟು ಹಾಕಿ. ಇಷ್ಟಾದರೆ ಪಾದ ಮುಂದಕ್ಕೆ ಸರಿಯುವುದಿಲ್ಲ.

ಹೆದರಿಕೆಯಲ್ಲಿ ಎಲ್ಲರೂ ಮೈಯನ್ನು ಹಿಂದಕ್ಕೆ ವಾಲಿಸುತ್ತಾರೆ. ಹಾಗೆ ಮಾಡಿದಾಗ ಭಾರವೆಲ್ಲ ಹಿಮ್ಮಡಿಯ ಅಂಚಿಗೆ ಬಿದ್ದು ಗರಸು ಉರುಳಿ, ಅಂಡಿನ ಮೇಲೆ ಕೂರುವುದೇ ಗತಿ. ಮಂಡಿ ತುಸು ಬಗ್ಗಲಿ, ಎದೆ ತುಸು ಮುಂದಿರಲಿ, ಇಡೀ ಅಂಗಾಲು ಒಟ್ಟಿಗೆ ನೆಲ ಮುಟ್ಟಲಿ. ಒಂದೂವರೆ ಪಾದದಷ್ಟು ಉದ್ದದ ಹೆಜ್ಜೆ ಸಾಕು. ತೀರಾ ಕಡಿದಾದಲ್ಲಿ ಅಡ್ಡ ತಿರುಗಿ ಒಂದೊಂದೇ ಹೆಜ್ಜೆ ಇಳಿಯಿರಿ. ದಾರಿಯ ನಡುವಿನ ಗರಸಿಗಿಂತ ಹೂತು ನಿಂತ ಕಲ್ಲು ವಾಸಿ, ಆದರೆ ಭಾರ ಬಿಡುವ ಮೊದಲು ತುದಿಗಾಲಲ್ಲಿ ಒತ್ತಿ ನೋಡಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಇಳಿಯುವುದಂತೂ ಬೇಡ: ಒಣಹುಲ್ಲು ಇಳಿಜಾರಿಗೆ ಮಲಗಿ ನುಣ್ಣಗಾಗಿರುತ್ತದೆ, ಅದರಡಿಯ ತಗ್ಗು ಕಾಣುವುದಿಲ್ಲ. ಆಸರೆಗೆ ಒಣಗಿದ ಕಾರವಿ ಗಿಡ ಹಿಡಿದರೆ ಕಿತ್ತು ಕೈಗೆ ಬರುತ್ತದೆ. ಕೋಲು ಇದ್ದರೆ ಸಮ ನೆಲದಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ. ಇಳಿಯುವಾಗ ಇನ್ನೂ 5ರಿಂದ 10 ಸೆಂಟಿಮೀಟರ್ ಜಾಸ್ತಿ. ಗುಂಪಿನಲ್ಲಿ ಒಬ್ಬರ ನೆತ್ತಿಯ ಮೇಲೊಬ್ಬರು ಬರಬೇಡಿ, ಉರುಳಿದ ಕಲ್ಲು ಕೆಳಗಿನವರಿಗೇ ಹೊಡೆಯುತ್ತದೆ.

ಮಂಡಿ ನೋವಿರುವವರು ಮೇಲಿನ ಗಾಡಿ ನಿಲ್ಲುವ ಜಾಗದಿಂದ ಶೇರ್ ಜೀಪಿನಲ್ಲಿ ಇಳಿಯಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ಜೀಪು ಇಳಿಸುವುದು ಬೇರೆ ಕಡೆ. ಬೈಕು ಅತಕರವಾಡಿಯಲ್ಲಿದ್ದರೆ ಹತ್ತುವ ಮೊದಲೇ ಕೇಳಿಕೊಳ್ಳಿ.

ಸಹ್ಯಾದ್ರಿಯ ಬಂಡೆಗಳಲ್ಲಿ, ಕೋಟೆಯ ಬಾಗಿಲು ಕಮಾನುಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಘಾಟು ಸೆಂಟು ಬೇಡ, ಹೊಗೆ ಬೇಡ, ಗೂಡಿನ ಕೆಳಗೆ ಕೂಗಾಟ ಬೇಡ. ಎದ್ದರೆ ಕೈ ಬೀಸದೆ ಮುಖ, ತಲೆ ಬಟ್ಟೆಯಿಂದ ಮುಚ್ಚಿಕೊಂಡು ದಾರಿ ಹಿಡಿದು ದೂರ ಹೋಗಿ. ಮುಳ್ಳು ಚರ್ಮದಲ್ಲಿ ಇದ್ದಷ್ಟು ಹೊತ್ತು ವಿಷ ಇಳಿಯುತ್ತಲೇ ಇರುತ್ತದೆ, ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಅಥವಾ ಹತ್ತಾರು ಕಡೆ ಕಚ್ಚಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಈ ಕಾಲದಲ್ಲಿ ಬೀಡಿ ಸಿಗರೇಟಿನ ಒಂದು ತುಂಡು ಇಡೀ ಮಗ್ಗುಲನ್ನು ಸುಡಬಲ್ಲದು. ಗುಡ್ಡದ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿ ಕಂಡರೆ ಗಾಬರಿಯಾಗಬೇಡಿ, ಬೆಂಕಿ ಹರಡದಂತೆ ಅರಣ್ಯ ಇಲಾಖೆಯವರು ಮೊದಲೇ ಸುಟ್ಟಿಟ್ಟ ಬೆಂಕಿ ರೇಖೆ ಇರಬಹುದು. ನಿಜವಾಗಿ ಉರಿ ಕಂಡರೆ ಮೇಲಕ್ಕೆ ಓಡಬೇಡಿ. ಬೆಂಕಿ ಏರುಮುಖದಲ್ಲೇ ವೇಗ. ಪಕ್ಕಕ್ಕೆ ಸರಿದು ಬೋಳು ನೆಲ ಅಥವಾ ಆಗಲೇ ಸುಟ್ಟು ಆರಿದ ಜಾಗ ಸೇರಿ.

ಬಿಸಿಲಿನಲ್ಲಿ ಯಾರಿಗಾದರೂ ತಲೆ ಸಿಡಿದು ವಾಂತಿ ಬರುವಂತಾದರೆ ನೆರಳಲ್ಲಿ ಮಲಗಿಸಿ, ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿ. ಮಾತು ತೊದಲಿದರೆ, ಎಚ್ಚರ ತಪ್ಪಿದಂತಿದ್ದರೆ ಬಾಯಿಗೆ ನೀರು ಹಾಕಬೇಡಿ, ನೇರ ಆಸ್ಪತ್ರೆ.

ಮೊದಲ ಸಲ ಹೋಗುವವರು ಎರಡು ವಾರ ಮೊದಲು ಪುಣೆಯ ಪರ್ವತಿ ಗುಡ್ಡದ 103 ಮೆಟ್ಟಿಲು ಹಿಡಿಯಿರಿ. ದಿನ ಬಿಟ್ಟು ದಿನ ಐದು ಸುತ್ತು, ಹತ್ತುವುದಕ್ಕಿಂತ ಇಳಿಯುವುದು ನಿಧಾನವಾಗಿರಲಿ. ತೊಡೆ ಗಟ್ಟಿಯಾಗುವುದು ಅದರಿಂದಲೇ. ಮುಂಬಯಿ ಕಡೆಯವರು ಮಳವಳಿ ಸ್ಟೇಷನ್ನಿನಿಂದ ಲೋಹಗಡಕ್ಕೆ ಹೋಗಬಹುದು. ಕೋಟೆಗೆ ಕಲ್ಲಿನ ಮೆಟ್ಟಿಲಿದೆ, ಗರಸಿನ ಕಾಟ ಕಡಿಮೆ, ಗಡುವು ಮಾತ್ರ ಅದೇ 10.30.