ಹಸು ಈದ ಮೇಲೆ ಮೊದಲ ಮೂರು ದಿನ

‘ಹೆಣ್ಗರುನಾ, ಹೋರಿಗರುನಾ?’ ಹಸು ಈದ ಮನೆಗೆ ಬಂದವರೆಲ್ಲ ಕೇಳುವುದು ಇದನ್ನೇ. ಹಸು ಹೇಗಿದೆ ಅಂತ ಕೇಳುವವರು ಕಡಿಮೆ. ನಮ್ಮ ಜಗಳೂರು ಕಡೆಯೂ ಅಷ್ಟೇ. ಆದರೆ ಮೊದಲ ಮೂರು ದಿನ ಕಣ್ಣಿಡಬೇಕಾದದ್ದು ಹಸುವಿನ ಮೇಲೆ.

ಈದ ಕೂಡಲೇ ಉಗುರುಬೆಚ್ಚಗಿನ ಬೆಲ್ಲದ ನೀರು ಇಡಿ. ಕರುವನ್ನು ಹಸುವೇ ನೆಕ್ಕಲಿ. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ. ಕಸ (ಮಾಸು) ಬೀಳಲಿ ಅಂತ ಕಾಯದೆ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. 30 ಕೆ.ಜಿ. ಕರುವಿಗೆ ದಿನಕ್ಕೆ ಸುಮಾರು 3 ಲೀಟರ್ ಬೇಕು. ಅಕ್ಕಪಕ್ಕದವರಿಗೆ ಗಿಣ್ಣು ಹಂಚುವುದು ಆಮೇಲೆ.

ಕಸ ಸಾಮಾನ್ಯವಾಗಿ 12 ಗಂಟೆಯೊಳಗೆ ಬೀಳುತ್ತದೆ. ಜೋತಾಡುತ್ತಿದೆ ಅಂತ ಅದಕ್ಕೆ ಕಲ್ಲು ಕಟ್ಟುವವರಿದ್ದಾರೆ. ದಯವಿಟ್ಟು ಬೇಡ, ಎಳೆಯಲೂ ಬೇಡಿ. ಗರ್ಭಕೋಶಕ್ಕೆ ಗಾಯವಾಗಿ ಕೀವು ತುಂಬಿದರೆ ಮುಂದೆ ಗಬ್ಬ ಕಟ್ಟುವುದೇ ಕಷ್ಟ. ಹೊತ್ತು ಮೀರಿದರೆ ಡಾಕ್ಟರನ್ನು ಕರೆಸಿ. ಬಿದ್ದ ಕಸವನ್ನು ಹಸು ತಿನ್ನದಂತೆ ಹೂತುಬಿಡಿ.

ಇನ್ನು ಹಾಲು ಜ್ವರ. ಹೆಸರಿಗಷ್ಟೇ ಜ್ವರ, ಮೈ ಸುಡುವುದಿಲ್ಲ, ತಣ್ಣಗಾಗುತ್ತದೆ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಮೂರನೇ ಸೂಲಿನಲ್ಲಿ ಈದ ಮರುದಿನ ಬೆಳಗಿನ ಜಾವ ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿತ್ತು. ಕಿವಿ ಮುಟ್ಟಿದರೆ ಕೊಡದ ನೀರಿನಷ್ಟು ತಣ್ಣಗೆ. ಯಾರೋ ಬಾಯಿಗೆ ಎಣ್ಣೆ ಹೊಯ್ಯಲು ಬಂದರು, ಅಪ್ಪ ಬಿಡಲಿಲ್ಲ. ನುಂಗಲು ಆಗದ ಹಸುವಿಗೆ ಹೊಯ್ದದ್ದು ಶ್ವಾಸಕೋಶಕ್ಕೇ ಇಳಿಯುತ್ತದೆ. ಡಾಕ್ಟರ್ ಬಂದು ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ನರಕ್ಕೆ ಏರಿಸಿದರು. ಸ್ವಲ್ಪ ಹೊತ್ತಿಗೆ ತೇಗಿತು, ಸೆಗಣಿ ಹಾಕಿತು, ಆಮೇಲೆ ಎದ್ದು ನಿಂತಿತು.

ಗಿಣ್ಣಿನ ಜೊತೆ ಮೈಯಲ್ಲಿರುವ ಕ್ಯಾಲ್ಸಿಯಂ ಒಮ್ಮೆಲೇ ಇಳಿದುಹೋಗುವುದರಿಂದ ಹೀಗಾಗುತ್ತದೆ. ಅದಕ್ಕೇ ಜಾಸ್ತಿ ಹಾಲಿನ ಹಸುವನ್ನು ಮೊದಲ ಎರಡು ಮೂರು ದಿನ ಪೂರ್ತಿ ಬಸಿದು ಕರೆಯಬೇಡಿ. ಕೆಚ್ಚಲು ಬಾವು ಇದ್ದರೆ ಮಾತ್ರ ಡಾಕ್ಟರ್ ಹೇಳಿದಂತೆ ಮಾಡಿ. ಪಶು ಸಹಾಯವಾಣಿ ನಂಬರ್ 1962.

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ತೊಂದರೆಯೂ ಅಲ್ಲೇ. ಹಾಲು ಹೆಚ್ಚಲಿ ಅಂತ ಒಂದೇ ಸಲ ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗಿ ಹಸು ಮೇವು ಬಿಡುತ್ತದೆ. ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಲೆಕ್ಕ ಇಷ್ಟು: ಹಸುವಿನ ಮೈಗೆ ಒಂದೂವರೆಯಿಂದ 2 ಕೆ.ಜಿ. ಹಿಂಡಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಜೊತೆಗೆ ಹಸಿ ಮೇವು, ಜೋಳದ ಸೊಪ್ಪೆ, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ.

ಈದ ತಾರೀಖನ್ನು ಕೊಟ್ಟಿಗೆಯ ಗೋಡೆ ಮೇಲೆ ಇದ್ದಿಲಲ್ಲಿ ಬರೆದಿಡಿ. 45 ದಿನದ ಹೊತ್ತಿಗೆ ಬೆದೆ ಕಾಣಬಹುದು. ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುವುದು 60 ದಿನ ದಾಟಿದ ಮೇಲೆ. 90 ದಿನವಾದರೂ ಬೆದೆಗೆ ಬರದಿದ್ದರೆ ತಪಾಸಣೆ ಮಾಡಿಸಿ.