ಅರ್ಜಿಗಿಂತ ಮೊದಲು ಗಡಿ: ಸಮುದಾಯ ಅರಣ್ಯ ಹಕ್ಕಿನ ಕಡತ ಕಟ್ಟುವ ಬಗೆ

ಹುಲಿ ಸಂರಕ್ಷಿತ ಪ್ರದೇಶದೊಳಗೆ ಊರಿನವರಿಗೆ ಹಕ್ಕು ಸಿಗುವುದುಂಟೇ ಎಂದು ಕೇಳುವವರು ಈಗಲೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗ ಬುಡಕಟ್ಟಿನವರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಹಾಗಾಗಿ ಆ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಕಡತ ಬಿದ್ದುಹೋಗುವುದು ಬೇರೆ ಕಾರಣಗಳಿಗೆ.

ಮೊದಲನೆಯದು ನಮೂನೆ. ನಮೂನೆ ಎ ವೈಯಕ್ತಿಕ ಹಕ್ಕಿಗೆ. ಬಿ ಜೇನು, ನೆಲ್ಲಿಕಾಯಿ, ಸೀಗೆ, ಮೇವು, ಮೀನು ಇಂಥ ಬಳಕೆಯ ಹಕ್ಕಿಗೆ. ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಅಧಿಕಾರ ಬೇಕಿದ್ದರೆ ನಮೂನೆ ಸಿ. ಅದು ಕಲಂ 3(1)(ಐ) ಅಡಿಯ ಹಕ್ಕು. ಬಿ ಮಾತ್ರ ಹಾಕಿ ಕೂತ ಊರುಗಳಿಗೆ ಕಾಯಿ ಆರಿಸಲು ಅನುಮತಿ ಸಿಕ್ಕರೂ ಲಂಟಾನ ಕಳೆ ಕೀಳುವ ನಿರ್ಧಾರ ಇಲಾಖೆಯ ಕೈಯಲ್ಲೇ ಉಳಿಯುತ್ತದೆ. ಬಿ ಮತ್ತು ಸಿ ಎರಡನ್ನೂ ಒಟ್ಟಿಗೇ ಹಾಕಿಸುವುದು ನಮ್ಮ ಪದ್ಧತಿ.

ಗ್ರಾಮಸಭೆ ಪೋಡು (ಸೋಲಿಗರ ಹಾಡಿ) ಅಥವಾ ಊರಿನ ಮಟ್ಟದಲ್ಲಿ ನಡೆಯಬೇಕು. ಹತ್ತಾರು ಊರು ಸೇರಿದ ಪಂಚಾಯಿತಿ ಸಭೆಯಲ್ಲಿ ಕೋರಂ (ಕನಿಷ್ಠ ಹಾಜರಿ) ಆಗುವುದೇ ಇಲ್ಲ. ವಯಸ್ಕರೆಲ್ಲ ಸದಸ್ಯರು, ಅವರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಕ್ಕಿನ ಅರ್ಜಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಗೆ 10ರಿಂದ 15 ಮಂದಿ, ಮೂರನೇ ಒಂದು ಭಾಗ ಮಹಿಳೆಯರು. ಪರಿಶಿಷ್ಟ ಪಂಗಡದವರು ಇರುವ ಊರಾದರೆ ಅವರು ಮೂರನೇ ಎರಡು ಭಾಗ. ನಡಾವಳಿ ಪುಸ್ತಕದಲ್ಲಿ ಮೊದಲು ಒಟ್ಟು ಸದಸ್ಯರ ಸಂಖ್ಯೆ, ಆಮೇಲೆ ಹಾಜರಾದ ಗಂಡಸರು, ಹೆಂಗಸರು ಎಂದು ಬೇರೆಬೇರೆ ಬರೆದು ಅದರ ಕೆಳಗೆ ಸಹಿ, ಹೆಬ್ಬೆಟ್ಟು ಹಾಕಿಸಿ. ಬರೀ ಸಹಿಯ ಹಾಳೆ ಕೊಟ್ಟರೆ ಕೋರಂ ಇರಲಿಲ್ಲವೆಂಬ ಷರಾ ಬರೆಯಲು ಅಷ್ಟೇ ಸಾಕು.

ಇನ್ನು ಗಡಿ. ಕಡತದ ಜೀವ ಇಲ್ಲಿದೆ, ಹೆಚ್ಚು ಜನ ಅವಸರ ಮಾಡುವುದೂ ಇಲ್ಲೇ. ಕಂಪ್ಯೂಟರಿನ ಮುಂದೆ ಕೂತು ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದರೆ ಅದು ಯಾವ ಊರಿನ ಗಡಿಯೂ ಆಗದು. ಕಾಯ್ದೆಯ ನಿಯಮ 12ಎ ಪ್ರಕಾರ ಉಪಗ್ರಹ ಚಿತ್ರ ಪೂರಕ ಸಾಕ್ಷ್ಯ ಮಾತ್ರ. ಹಿರಿಯರೊಂದಿಗೆ ನಡೆಯಬೇಕು. ಸೋಲಿಗರಲ್ಲಿ ಕುಲಕ್ಕೊಂದು ಯೆಲ್ಲೆ; ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಕಲ್ಲುಗುಡಿ ಎಂದರೆ ಸತ್ತವರ ಹೆಸರಲ್ಲಿ ಇಟ್ಟ ಕಲ್ಲು, ಅಬ್ಬಿ ಎಂದರೆ ನೀರಿನ ಸೆಲೆ. ನಿಯಮ 13 ಪವಿತ್ರ ಮರ, ಬನ, ಹೂಳುವ ಜಾಗ, ನೀರಿನ ಮೂಲ, ಮೇವಿನ ಜಾಗ ಇವನ್ನೆಲ್ಲ ಸಾಕ್ಷ್ಯವೆಂದೇ ಒಪ್ಪುತ್ತದೆ. ಊರಿನವರ ದಿನನಿತ್ಯದ ಮಾತೇ ಕಾನೂನಿನ ಸಾಕ್ಷ್ಯವಾಗುವ ಜಾಗ ಇದು.

ನಡೆಯುವಾಗ ಮೊಬೈಲ್ ಜಿಪಿಎಸ್ ಸಾಕು. ದಟ್ಟ ಕಾಡಿನ ಕಣಿವೆಯಲ್ಲಿ ಬಿಂದು ಜಾರುತ್ತದೆ, ಅಲ್ಲಿ ಒಂದೆರಡು ನಿಮಿಷ ನಿಂತು ಮತ್ತೆ ಗುರುತು ಹಾಕಿ. ಗಡಿ ತಿರುಗುವ ಪ್ರತಿ ಕಡೆ ನಾಲ್ಕು ವಿಷಯ ಬರೆಯಿರಿ: ಬಿಂದುವಿನ ಸಂಖ್ಯೆ, ಊರಿನವರು ಕರೆಯುವ ಹೆಸರು, ಏನಿದೆ (ಬಂಡೆ, ಹಳ್ಳ, ಮರ), ಆಚೆ ಯಾವ ಊರು. ಆಮೇಲೆ ಗೆರೆಯನ್ನು 1:50,000 ಸರ್ವೆ ನಕ್ಷೆಯ ಮೇಲೆ ಕೂರಿಸಿ. ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಅರಣ್ಯದ ಕಂಪಾರ್ಟ್‌ಮೆಂಟ್ (ಇಲಾಖೆ ಕಾಡನ್ನು ವಿಂಗಡಿಸಿದ ಭಾಗ) ಸಂಖ್ಯೆಯನ್ನೂ ಸೇರಿಸಿ. ವಿಸ್ತೀರ್ಣ ಒಂದು ಪುಟದಲ್ಲಿ ಎಕರೆ, ಇನ್ನೊಂದರಲ್ಲಿ ಹೆಕ್ಟೇರ್ ಆಗದಂತೆ ನೋಡಿಕೊಳ್ಳಿ. 1 ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ಇಂಥ ಸಣ್ಣ ತಪ್ಪಿಗೇ ಕಡತ ವಾಪಸ್ ಬರುತ್ತದೆ.

ಪಕ್ಕದ ಊರಿನ ಗೆರೆ ನಿಮ್ಮದರ ಮೇಲೆ ಬಿದ್ದರೆ ಗಾಬರಿ ಬೇಡ. ಒಂದೇ ಕಾಡನ್ನು ಎರಡು ಊರು ಬಳಸುವುದು ಸಹಜ. ಎರಡೂ ಸಮಿತಿಗಳು ಒಟ್ಟಿಗೆ ಕೂತು, ಯಾರು ಏನನ್ನು ಎಲ್ಲಿ ಬಳಸುತ್ತಾರೆಂದು ಬರೆದು, ತಮ್ಮತಮ್ಮ ಗ್ರಾಮಸಭೆಗೆ ಕೊಡಬೇಕು. ಅಲ್ಲೂ ಬಗೆಹರಿಯದಿದ್ದರೆ ಮಾತ್ರ ಉಪವಿಭಾಗ ಮಟ್ಟದ ಸಮಿತಿ. ಈ ಬರಹವಿಲ್ಲದೆ ಹೋದ ಕಡತಕ್ಕೆ ಆಕ್ಷೇಪಣೆ ಕಟ್ಟಿಟ್ಟದ್ದು.

ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಇಲಾಖೆಗಳಿಗೆ ಲಿಖಿತ ನೋಟಿಸ್ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬಂದ ಅಧಿಕಾರಿ ಹೆಸರು, ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಸಹಿ ಹಾಕಬೇಕು. 2012ರಲ್ಲಿ ಸೇರಿಸಿದ ನಿಯಮ 12ಎ ಇಲ್ಲಿ ಬಲವಾದ ಆಸರೆ: ಸಿಬ್ಬಂದಿ ಇರಲಿಲ್ಲ ಎಂಬ ಆಕ್ಷೇಪ ಬಂದರೆ ಮರುಪರಿಶೀಲನೆಗೆ ಗ್ರಾಮಸಭೆಗೇ ಕಳಿಸಬೇಕು, ಆಗಲೂ ಅವರು ಬರದಿದ್ದರೆ ಗ್ರಾಮಸಭೆಯ ಪರಿಶೀಲನೆಯೇ ಅಂತಿಮ. ಮೊಹರಿನ ಪ್ರತಿ ಇಲ್ಲದಿದ್ದರೆ ಈ ನಿಯಮ ಬರೀ ಕಾಗದ.

ಸಾಕ್ಷ್ಯ ಒಂದಕ್ಕಿಂತ ಹೆಚ್ಚು ಇರಬೇಕು. ಹಳೆಯ ಗೆಜೆಟಿಯರ್, ಅರಣ್ಯ ಕಾರ್ಯಯೋಜನೆಯ ಪುಟ, ಹಿರಿಯರ ಲಿಖಿತ ಹೇಳಿಕೆ, ತಾಣಗಳ ಪಟ್ಟಿ ಜೋಡಿಸಿ, ಪುಟಸಂಖ್ಯೆ ಹಾಕಿ, ಮೂರು ಪ್ರತಿ ಮಾಡಿ. ಸಲ್ಲಿಸಿದ ಕೂಡಲೇ ಸ್ವೀಕೃತಿ ಪಡೆಯಿರಿ. ಉಪವಿಭಾಗಾಧಿಕಾರಿಯ ಸಮಿತಿ ತಿರಸ್ಕರಿಸಿದರೆ ಕಾರಣ ಸಹಿತ ತಿಳಿಸಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ. ಆ 60 ದಿನ ತಿಳಿಸಿದ ದಿನದಿಂದ ಲೆಕ್ಕ, ಆದ್ದರಿಂದ ತಿರಸ್ಕಾರದ ಪತ್ರ ಕೈಗೆ ಬಂದ ದಿನ ಬರೆದಿಡಿ.

ಹಕ್ಕುಪತ್ರ ಬಂದಾಗ ಮೊದಲು ನೋಡಬೇಕಾದದ್ದು ಹೆಸರು. ಅದು ಗ್ರಾಮಸಭೆಯ ಹೆಸರಲ್ಲಿರಬೇಕು, ಇಲಾಖೆ ರಚಿಸಿದ ಗ್ರಾಮ ಅರಣ್ಯ ಸಮಿತಿಯ ಹೆಸರಲ್ಲಲ್ಲ. ಆಮೇಲೆ ನಾಲ್ಕು ದಿಕ್ಕಿನ ಗಡಿಯನ್ನು ನಿಮ್ಮ ನಕ್ಷೆಯೊಂದಿಗೆ ಬಿಂದುಬಿಂದುವಾಗಿ ಹೋಲಿಸಿ. ಜಿಲ್ಲಾಧಿಕಾರಿ, ವಿಭಾಗದ ಅರಣ್ಯಾಧಿಕಾರಿ, ಜಿಲ್ಲಾ ಪರಿಶಿಷ್ಟ ಪಂಗಡ ಕಲ್ಯಾಣಾಧಿಕಾರಿ ಮೂವರ ಸಹಿಯೂ ಇದೆಯೇ ನೋಡಿ. ಇಷ್ಟಾದ ಮೇಲೆ ಗ್ರಾಮಸಭೆ ನಿಯಮ 4(1)(ಇ) ಅಡಿ ನಿರ್ವಹಣಾ ಸಮಿತಿ ನೇಮಿಸಬೇಕು. ಯೋಜನೆ ಬರೆಯುವುದು ಈ ಸಮಿತಿಯ ಕೆಲಸ, ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನಕ್ಕೆ ಸಾಗಾಣಿಕೆ ಪರವಾನಗಿ ಕೊಡುವುದೂ ಅದರದ್ದೇ. ಪರವಾನಗಿ ಪುಸ್ತಕವನ್ನು ಮೊದಲ ಜೇನಿನ ಹಂಗಾಮಿಗೆ ಮುಂಚೆಯೇ ಅಚ್ಚು ಹಾಕಿಸಿ, ಅದರ ಒಂದು ಮಾದರಿ ಪ್ರತಿಯನ್ನು ವಲಯ ಅರಣ್ಯ ಕಚೇರಿಗೂ ಕೊಟ್ಟಿಡಿ. ಹಾಗೆ ಮಾಡಿದರೆ ಚೆಕ್‌ಪೋಸ್ಟಿನಲ್ಲಿ ಜಗಳ ಕಡಿಮೆ.