ಕನಸಿನ ಮನೆಯನ್ನು ಕಾಗದಕ್ಕಿಳಿಸುವ ಬಗೆ: ಕೋಲಾರದ ಸೀಮೆಯಲ್ಲಿ ಮನೆ ಕಟ್ಟಿಸುವವರಿಗೆ

ನಿವೇಶನದ ನೋಂದಣಿ ಮುಗಿಸಿದ ಮರುದಿನದಿಂದಲೇ ಮೊಬೈಲಿನಲ್ಲಿ ಮನೆಗಳ ಮುಂಭಾಗದ ಚಿತ್ರಗಳನ್ನು ಕೂಡಿಹಾಕತೊಡಗುವುದು ಕೋಲಾರ, ಮಾಲೂರು, ಬಂಗಾರಪೇಟೆಗಳ ಹೊಸ ಬಡಾವಣೆಗಳಲ್ಲಿ ಈಗ ಸಾಮಾನ್ಯ ಸಂಗತಿಯಾಗಿದೆ. ಚಿತ್ರ ನೋಡುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಚಿತ್ರಗಳಲ್ಲಿ ಹೆಚ್ಚಿನವು ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಕೇರಳದ ಮನೆಗಳವು, ಇಲ್ಲವೇ ಹಗಲಿಡೀ ಎ.ಸಿ. ನಡೆಸಬಲ್ಲವರ ಗಾಜಿನ ಮನೆಗಳವು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ವಾಡಿಕೆಯ ಮಳೆ 700ರಿಂದ 750 ಮಿಲಿಮೀಟರಿನ ಆಸುಪಾಸಿನಲ್ಲಿರುವ ನಮ್ಮ ಸೀಮೆಗೆ ಅವು ಹೊಂದುವುದು ಕಷ್ಟ. ಆದ್ದರಿಂದ ಮುಂಭಾಗವನ್ನು ಕೊನೆಗೆ ಇಟ್ಟುಕೊಂಡು, ಮೊದಲು ಮನೆಮಂದಿಯ ದಿನಚರಿ, ಆಮೇಲೆ ನೀರು, ಅದಾದ ಮೇಲೆ ಬಿಸಿಲು ಗಾಳಿ, ಹೀಗೆ ಯೋಚಿಸುತ್ತ ಹೋಗುವುದು ಮೇಲು. ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ 30x40 ಅಡಿಯ ನಿವೇಶನವನ್ನೂ, ಅದರಲ್ಲಿ ಏಳೆಂಟು ಚದರ (ಒಂದು ಚದರ ಎಂದರೆ 100 ಚದರಡಿ) ನೆಲ ಅಂತಸ್ತಿನಲ್ಲಿ ಬರುವ ಮನೆಯನ್ನೂ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ದಿನಚರಿಯನ್ನು ಬರೆಯುವಾಗ ಕೋಣೆಗಳ ಹೆಸರು ಬರೆಯಬಾರದು, ಕೆಲಸಗಳನ್ನು ಬರೆಯಬೇಕು. ‘ಮೂರು ಬೆಡ್‌ರೂಮು, ಒಂದು ಹಾಲು’ ಎಂದು ಶುರುಮಾಡಿದರೆ ಅಲ್ಲಿಗೆ ಯೋಚನೆ ನಿಂತುಹೋಗುತ್ತದೆ. ಅದರ ಬದಲು ಯಾರು, ಎಷ್ಟು ಹೊತ್ತಿಗೆ, ಏನು ಮಾಡುತ್ತಾರೆ, ಆಗ ಅವರ ಸುತ್ತ ಎಷ್ಟು ಜನ ಇರುತ್ತಾರೆ ಎಂಬುದನ್ನು ಮನೆಯ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆಯಲಿ. ಬರೆಯಲು ಬಾರದ ಅಜ್ಜಿ ಹೇಳುತ್ತ ಹೋಗಲಿ, ಮೊಮ್ಮಗಳು ಬರೆದುಕೊಳ್ಳಲಿ. ಬೆಳಿಗ್ಗೆ ಐದೂವರೆಗೆ ಅಜ್ಜಿಯ ಸ್ನಾನ, ಅದೇ ಹೊತ್ತಿಗೆ ನರಸಾಪುರದ ಕಾರ್ಖಾನೆಯ ಮೊದಲ ಪಾಳಿಗೆ ಹೊರಡುವ ಮಗನ ಸ್ನಾನ, ಬೆಂಗಳೂರಿನ ರೈಲು ಹಿಡಿಯಬೇಕಾದ ಸೊಸೆಯ ಅವಸರ, ಇವೆಲ್ಲ ಒಂದೇ ಸಾಲಿನಲ್ಲಿ ಕಂಡಾಗ ಈ ಮನೆಗೆ ಮೂರನೆಯ ಮಲಗುವ ಕೋಣೆಗಿಂತ ಎರಡನೆಯ ಬಚ್ಚಲೇ ಮುಖ್ಯ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ವರ್ಷಕ್ಕೊಮ್ಮೆ ಬರುವ ಸಂದರ್ಭಗಳನ್ನೂ ಬರೆಯಿರಿ, ಆದರೆ ಬೇರೆ ಹಾಳೆಯಲ್ಲಿ. ಹಬ್ಬಕ್ಕೆ ಬರುವ ನಲವತ್ತು ಜನರಿಗಾಗಿ ದೊಡ್ಡ ಹಜಾರ ಕಟ್ಟಿಸಿ, ಉಳಿದ ದಿನಗಳಲ್ಲಿ ಅದನ್ನು ಗುಡಿಸಿ ಒರೆಸುವ ಕೆಲಸವನ್ನು ಮನೆಯ ಹೆಂಗಸರ ತಲೆಗೆ ಕಟ್ಟುವುದು ನನಗಂತೂ ಒಪ್ಪಿತವಲ್ಲ. ಆ ನಲವತ್ತು ಜನರಿಗೆ ತಾರಸಿಯ ಮೇಲಿನ ಶಾಮಿಯಾನ ಸಾಕು.

ಅಡುಗೆಮನೆಯ ವಿಷಯದಲ್ಲಿ ಮಾತ್ರ ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು, ಏಕೆಂದರೆ ಮಾಡ್ಯುಲರ್ ಕಿಚನ್ನಿನ ಅಳತೆಗಳು ಮುದ್ದೆ ತೊಳಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ. ಕಟ್ಟೆಯ ಸಾಮಾನ್ಯ ಎತ್ತರ 32ರಿಂದ 34 ಅಂಗುಲ. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ ಎದೆಯ ಮಟ್ಟಕ್ಕೆ ಬರುತ್ತದೆ. ಹಿಟ್ಟು ಬೆಂದು ಬಿಗಿಯಾದಾಗ ಕೋಲನ್ನು ಮೇಲಿನಿಂದ ಒತ್ತಿ, ಮೈಭಾರ ಹಾಕಿ ತಿರುವಬೇಕಾದ ಕೆಲಸವನ್ನು ಆಗ ಬರೀ ತೋಳಿನ ಬಲದಲ್ಲಿ ಮಾಡಬೇಕಾಗುತ್ತದೆ. ಬಿಸಿ ಪಾತ್ರೆ ಜಾರುವ ಅಪಾಯವೂ ಇದೆ. ಇದಕ್ಕೆ ಪರಿಹಾರ ಸುಲಭ: ಕಟ್ಟೆಯ ಒಂದು ತುದಿಯಲ್ಲಿ ಎರಡೂವರೆ ಅಡಿ ಉದ್ದದಷ್ಟನ್ನು 22ರಿಂದ 24 ಅಂಗುಲ ಎತ್ತರಕ್ಕೆ ಇಳಿಸಿ, ಅಲ್ಲಿಗೊಂದು ಪ್ರತ್ಯೇಕ ಬರ್ನರ್ ಕೊಡುವುದು. ನಿಖರವಾದ ಎತ್ತರ ಬೇಕಾದರೆ ಮುದ್ದೆ ತೊಳಸುವವರು ಈಗಿನ ಮನೆಯಲ್ಲಿ ಇಟ್ಟಿಗೆ ಜೋಡಿಸಿ, ಅದರ ಮೇಲೆ ಖಾಲಿ ಪಾತ್ರೆ ಇಟ್ಟು, ಕೋಲು ಹಿಡಿದು ನೋಡಿ, ಯಾವ ಮಟ್ಟದಲ್ಲಿ ಭುಜ ಸಡಿಲವಾಗಿರುತ್ತದೆಯೋ ಅದನ್ನು ಅಳೆದು ಬರೆದುಕೊಳ್ಳಬೇಕು. ರಾಗಿ, ಅವರೆ, ಹುಣಸೆಹಣ್ಣುಗಳನ್ನು ವರ್ಷಕ್ಕಾಗುವಷ್ಟು ತುಂಬಿಡುವ ಮನೆಯಾದರೆ ಉಗ್ರಾಣವೆಂದು ಐದಡಿಗೆ ಆರಡಿಯ ಒಣ ಜಾಗವನ್ನು ಈಗಲೇ ತೆಗೆದಿಡಿ. ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ವರ್ಷಗಟ್ಟಲೆ ಕೆಡದಂತೆ ಇಟ್ಟವರ ಊರುಗಳಲ್ಲಿ ಇಂದು ಮೂಟೆಗಳು ಮಂಚದ ಕೆಳಗೆ ಸೇರಿರುವುದನ್ನು ಕಾಣುತ್ತೇವೆ.

ಇನ್ನು ನೀರು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಮನೆಯ ಕಲ್ಪನೆಯೆಲ್ಲ ಇದರ ಮೇಲೆಯೇ ನಿಲ್ಲಬೇಕು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿರುವುದೂ, ಆ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಿರುವುದೂ ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ಆರ್‌.ಒ. ಯಂತ್ರ ಅದನ್ನು ತೆಗೆಯುತ್ತದೆಯಾದರೂ ಒಂದಷ್ಟು ನೀರನ್ನು ಚರಂಡಿಗೆ ಬಿಟ್ಟೇ ತೆಗೆಯುತ್ತದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಆದರೆ ಅದು ಅಂತರ್ಜಲ ತುಂಬಿಸಲು ಇರುವ ನೀರೇ ಹೊರತು ನಲ್ಲಿಗೆ ಬರುವ ನೀರಲ್ಲ. ಇಷ್ಟೆಲ್ಲದರ ನಡುವೆ ಫ್ಲೋರೈಡಿನ ಕಾಟವಿಲ್ಲದೆ ನೇರವಾಗಿ ಮನೆಗೆ ಸಿಗುವುದು ಮಳೆಯ ನೀರು, ಮತ್ತು ಅದನ್ನು ಹಿಡಿಯುವ ವ್ಯವಸ್ಥೆಯನ್ನು ನಕ್ಷೆಯ ಹಂತದಲ್ಲಿ ಸೇರಿಸಿದರೆ ಬರುವ ಖರ್ಚು, ಮನೆ ಮುಗಿದ ಮೇಲೆ ಗೋಡೆ ಕೊರೆದು ಪೈಪು ಎಳೆಯುವ ಖರ್ಚಿಗಿಂತ ಬಹಳ ಕಡಿಮೆ.

ಲೆಕ್ಕ ಹೀಗಿದೆ. ಎಂಟು ಚದರದ ತಾರಸಿ ಎಂದರೆ 800 ಚದರಡಿ, ಅಂದರೆ ಸುಮಾರು 74 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ತಾರಸಿಯ ಮೇಲೆ 74 ಲೀಟರ್ ನೀರು ಬೀಳುತ್ತದೆ. ಮಳೆ ಕೈಕೊಟ್ಟು ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಬಂತೆಂದೇ ಇಟ್ಟುಕೊಳ್ಳೋಣ. ಮೊದಲ ಮಳೆಯ ಕೊಳೆ ನೀರು, ಆವಿಯಾಗಿ ಹೋಗುವುದು, ಸೋರಿಕೆ ಎಂದು ಐದನೆಯ ಒಂದು ಭಾಗವನ್ನು ಕಳೆದರೂ ಸುಮಾರು 29,600 ಲೀಟರ್ ಉಳಿಯುತ್ತದೆ. ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರ್ ಸಾಕೆಂದರೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಆದ್ದರಿಂದ ಕುಡಿಯುವ ಮಳೆನೀರಿಗೆಂದೇ ಎರಡನೆಯ ಸಂಪೊಂದನ್ನು ಕಲ್ಪಿಸಿಕೊಳ್ಳಿ: 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ನೀರಿನ ಆಳ ಇದ್ದರೆ ಸುಮಾರು 8,150 ಲೀಟರ್ ಹಿಡಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗೆ ಅದು ತುಂಬಿದರೆ ಮುಂದಿನ ಬೇಸಿಗೆಯನ್ನೂ ದಾಟಿಸುತ್ತದೆ. ತುಂಬಿ ಮಿಕ್ಕದ್ದು ಮನೆಬಳಕೆಯ ಸಂಪಿಗೆ, ಅಲ್ಲಿಂದಲೂ ಮಿಕ್ಕದ್ದು ಇಂಗುಗುಂಡಿಗೆ ಹೋಗಲಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಕುಡಿಯುವ ನೀರಿನ ಸಂಪಿಗೆ ಸೇರುವ ಒಂದು ಪೈಪೂ ಇರಬಾರದು. ಸಂಪಿಗೆ ಬೆಳಕು ಬೀಳಬಾರದು, ಶೌಚದ ಗುಂಡಿ ನಿವೇಶನದ ಎದುರು ಮೂಲೆಯಲ್ಲಿರಬೇಕು, ತಾರಸಿಯಿಂದ ಇಳಿಯುವ ಪೈಪಿನ ಬುಡದಲ್ಲಿ ಮೊದಲ ಮಳೆಯನ್ನು ಹೊರಬಿಡುವ ಮುಚ್ಚಳವೂ ಜಲ್ಲಿ ಮರಳಿನ ಶೋಧಕವೂ ಇರಬೇಕು, ನೀರನ್ನು ಬಳಸುವ ಮುನ್ನ ಕುದಿಸಿಯೋ ಶೋಧಿಸಿಯೋ ಕುಡಿಯಬೇಕು.

ಬಿಸಿಲಿನ ವಿಷಯಕ್ಕೆ ಬಂದರೆ, ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲೂ ಆಗಸ್ಟ್ ಮೂರನೆಯ ವಾರದ ಆಸುಪಾಸಿನಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನಾದ್ದರಿಂದ ಬೇಸಿಗೆಯ ಕಾವನ್ನು ಹೆಚ್ಚಾಗಿ ಹೀರುವುದು ಗೋಡೆಗಿಂತ ತಾರಸಿ. ಬರೀ ಆರ್‌.ಸಿ.ಸಿ. ಚಪ್ಪಡಿಯ ಕೆಳಗೆ ಮಲಗಿದವರಿಗೆ ರಾತ್ರಿ ಹತ್ತಾದರೂ ಸೂರು ಸೆಕೆ ಕಾರುವುದು ಗೊತ್ತಿರುತ್ತದೆ. ತಾರಸಿಗೆ ಬಿಳಿಯ ಲೇಪ, ಅಥವಾ ಅದರ ಮೇಲೆ ಹೆಂಚಿನ ಚಾವಣಿ, ಅಥವಾ ಸೋಲಾರ್ ಹಲಗೆಗಳ ನೆರಳು, ಈ ಮೂರರಲ್ಲಿ ಯಾವುದು ಎಂಬುದನ್ನು ಈಗಲೇ ತೀರ್ಮಾನಿಸಿ. ಹೆಂಚಿಗೆ ಹೆಸರಾದ ಮಾಲೂರು ಪಕ್ಕದಲ್ಲೇ ಇರುವಾಗ ಮಲಗುವ ಕೋಣೆಗಳ ಮೇಲಾದರೂ ಹೆಂಚು ಹೊದಿಸುವುದನ್ನು ನಾನು ಮೆಚ್ಚುತ್ತೇನೆ. ಸೋಲಾರ್ ಬೇಕೆನ್ನುವವರು ಒಂದು ಕಿಲೋವ್ಯಾಟಿಗೆ ಸುಮಾರು ಒಂದು ಚದರ ಜಾಗ ಬೇಕೆಂದು ಲೆಕ್ಕ ಹಿಡಿಯಲಿ. ಪಡುವಣದ ಗೋಡೆಗೆ ಸಂಜೆಯ ಓರೆ ಬಿಸಿಲು ಬಡಿಯುತ್ತದೆ, ಸಜ್ಜಾ ಅದನ್ನು ತಡೆಯಲಾರದು. ಆದ್ದರಿಂದ ಮೆಟ್ಟಿಲು, ಬಚ್ಚಲು, ಉಗ್ರಾಣ, ಬೀರುಗಳ ಸಾಲು ಆ ಕಡೆಗಿರಲಿ. ಹಾಗೆಂದು ಅದನ್ನು ಪೂರ್ತಿ ಮುಚ್ಚುವುದೂ ಸರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದು ಪಡುವಣದ ದಿಕ್ಕಿನಿಂದಲೇ, ಅದಕ್ಕೆ ಅಲ್ಲಿ ಎತ್ತರದಲ್ಲಿ ಚಿಕ್ಕ ಕಿಟಕಿಗಳನ್ನೂ ಎದುರಿನ ಮೂಡಣ ಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನೂ ಇಟ್ಟರೆ ಗಾಳಿ ಮನೆಯನ್ನು ಹಾದುಹೋಗುತ್ತದೆ.

ಇಷ್ಟಾದ ಮೇಲೆ ನಿವೇಶನಕ್ಕೆ ಹೋಗಿ ಮನೆಯನ್ನು ನೆಲದ ಮೇಲೆ ಬರೆಯಬೇಕು. ಸುತ್ತ ಎಷ್ಟು ಜಾಗ ಬಿಡಬೇಕೆಂಬುದನ್ನು ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಮೊದಲೇ ಕೇಳಿ ತಿಳಿದು, ಉಳಿದ ಜಾಗದಲ್ಲಿ ಟೇಪು, ಹುರಿ, ರಂಗೋಲಿ ಪುಡಿ ಹಿಡಿದು ಕೋಣೆಗಳನ್ನು ನಿಜವಾದ ಅಳತೆಯಲ್ಲಿ ಗೆರೆ ಹಾಕಿ. ಗೋಡೆಯ ದಪ್ಪಕ್ಕೆ ಎರಡು ಗೆರೆ ಎಳೆಯುವುದನ್ನು ಮರೆಯಬೇಡಿ. 10x10 ಕೋಣೆಯೊಳಗೆ ಆರಡಿಗೆ ಆರೂವರೆ ಅಡಿಯ ಮಂಚದ ಗೆರೆ ಎಳೆದು, ಎರಡಡಿ ಆಳದ ಬೀರುವಿನ ಗೆರೆ ಎಳೆದು, ಮೂರಡಿ ಬಾಗಿಲು ತೆರೆದುಕೊಳ್ಳುವ ಕಮಾನನ್ನೂ ಎಳೆದಾಗ ಓಡಾಡಲು ಉಳಿಯುವ ಜಾಗ ಎಷ್ಟೆಂಬುದು ಕಾಲಿಗೇ ಗೊತ್ತಾಗುತ್ತದೆ. ಅಡುಗೆಮನೆಯ ಗೆರೆಯಿಂದ ಊಟದ ಜಾಗದ ಗೆರೆಗೆ ತಟ್ಟೆ ಹಿಡಿದು ನಡೆಯಿರಿ, ರಾತ್ರಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯನ್ನು ನಡೆಯಿರಿ, ಮುಂಬಾಗಿಲಲ್ಲಿ ನಿಂತವರಿಗೆ ಎಲ್ಲಿಯವರೆಗೆ ಕಾಣುತ್ತದೆ ಎಂದು ನೋಡಿ. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಅಲ್ಲೇ ನಿಂತು ಬಿಸಿಲು ಯಾವ ಗೆರೆಯ ಮೇಲಿದೆ ಎಂದು ಗುರುತು ಹಾಕಿಕೊಳ್ಳಿ. ಕಂಪ್ಯೂಟರಿನ ತ್ರೀ-ಡಿ ಚಿತ್ರಕ್ಕೆ ಕೊಡುವ ಹಣಕ್ಕಿಂತ ಒಂದು ಮೂಟೆ ರಂಗೋಲಿ ಪುಡಿ ಹೆಚ್ಚು ಸತ್ಯ ಹೇಳುತ್ತದೆ ಎಂಬುದು ನನ್ನ ನಂಬಿಕೆ.

ಇಪ್ಪತ್ತು ವರ್ಷದ ಆಚೆಯ ಮನೆಯನ್ನೂ ಇದೇ ಗೆರೆಗಳಲ್ಲಿ ನೋಡಬೇಕು. ಪಾಯ ರಸ್ತೆಗಿಂತ ಎರಡಡಿ ಎತ್ತರವಿದ್ದು, ಗಾಲಿಕುರ್ಚಿ ಹತ್ತುವ ಇಳಿಜಾರು ಬೇಕೆಂದರೆ, ಒಂದಡಿ ಏರಲು ಹನ್ನೆರಡಡಿ ಉದ್ದ ಎಂಬ ಲೆಕ್ಕದಲ್ಲಿ ಅದು 24 ಅಡಿ ಉದ್ದವಾಗುತ್ತದೆ. 30x40ರ ಮುಂಭಾಗದಲ್ಲಿ ಅಷ್ಟು ಜಾಗ ಸಿಗದು, ಪಕ್ಕದ ಓಣಿಯಲ್ಲಿ ಸಾಗಿಸಿ ತರಬೇಕು, ಅದಕ್ಕೆ ಆ ಓಣಿ ಮೂರೂವರೆ ಅಡಿಗಿಂತ ಕಡಿಮೆ ಇರಬಾರದು. ನೆಲ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡು ಮೂರಡಿ ಬಾಗಿಲಿನ, ಜಾರದ ನೆಲದ ಬಚ್ಚಲು ಇದ್ದೇ ಇರಲಿ. ಮುಂದೆ ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಮೆಟ್ಟಿಲು ಹೊರಗಿರಬೇಕು, ಪಾಯವೂ ಕಂಬಗಳೂ ಎರಡು ಅಂತಸ್ತಿನ ಭಾರಕ್ಕೆ ಈಗಲೇ ಸಿದ್ಧವಾಗಬೇಕು. ಹತ್ತೂವರೆ ಅಡಿ ಏರಲು ಆರು ಅಂಗುಲದ ಮೆಟ್ಟಿಲಾದರೆ 21 ಬೇಕು. ಜಾಗ ಉಳಿಸಲೆಂದು ಎಂಟು ಅಂಗುಲಕ್ಕೆ ಏರಿಸಿದ ಮೆಟ್ಟಿಲನ್ನು ಮನೆಯ ಹಿರಿಯರು ಮೊದಲ ವರ್ಷವೇ ಬಿಟ್ಟುಬಿಡುತ್ತಾರೆ.

ಹಳ್ಳಿಯಲ್ಲಿ, ಹೊಲದ ಬದಿಯಲ್ಲಿ ಕಟ್ಟುವವರ ಪಟ್ಟಿ ಬೇರೆಯೇ ಆಗುತ್ತದೆ. ಟೊಮೆಟೊ ಕ್ರೇಟು, ಡ್ರಿಪ್ ಪೈಪು, ಔಷಧಿ ಡಬ್ಬಗಳಿಗೆ ಹೊರಬಾಗಿಲಿರುವ ಕೋಣೆ, ಹೊಲದಿಂದ ಬಂದವರು ಒಳಗೆ ಕಾಲಿಡುವ ಮುನ್ನ ತೊಳೆದುಕೊಳ್ಳಲು ಹಿತ್ತಲಲ್ಲಿ ನಲ್ಲಿ ಮತ್ತು ಕಲ್ಲುಚಪ್ಪಡಿ, ಕೂತು ಮಾತಾಡಲು ಜಗುಲಿ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಒಯ್ಯುವವರಾದರೆ ಹುಳು ಸಾಕುವ ಮನೆ ವಾಸದ ಮನೆಯಿಂದ ಪ್ರತ್ಯೇಕವಾಗಿಯೇ ಇರಬೇಕು: ಹುಳುವಿಗೆ 24ರಿಂದ 28 ಡಿಗ್ರಿ ಶಾಖವೂ ಸಾಕಷ್ಟು ತೇವವೂ ಬೇಕು, ಊಜಿ ನೊಣ ಬಾರದಂತೆ ಕಿಟಕಿಗಳಿಗೆ ಬಲೆ ಬೇಕು, ಮತ್ತು ಮನೆಯಲ್ಲಿ ಹಚ್ಚುವ ಸೊಳ್ಳೆ ಬತ್ತಿಯ ಹೊಗೆ ಅದಕ್ಕೆ ವಿಷ.

ಆಯ (ಮನೆಯ ಅಳತೆಯಿಂದ ಶುಭಾಶುಭ ನೋಡುವ ಲೆಕ್ಕ) ಮತ್ತು ವಾಸ್ತು ನಂಬುವವರು ಅದನ್ನೂ ಇದೇ ಹಂತದಲ್ಲಿ ಸೇರಿಸಬೇಕು, ನಕ್ಷೆ ಮುಗಿದ ಮೇಲಲ್ಲ. ಹೇಳಿದವರ ಮಾತಿಗೆಲ್ಲ ಒಂದೊಂದು ಗೋಡೆ ಸರಿಸುತ್ತ ಹೋದರೆ ಕೊನೆಗೆ ಯಾರ ಮನೆಯೂ ಆಗದು. ಒಬ್ಬರನ್ನು ಕೇಳಿ, ಅಲ್ಲಿಗೆ ನಿಲ್ಲಿಸಿ. ನೈರುತ್ಯದಲ್ಲಿ ನೀರಿನ ಟ್ಯಾಂಕು ಇಡುವವರು ಅದರ ಸಂಜೆಯ ನೆರಳು ಚಳಿಗಾಲದಲ್ಲಿ ಈಶಾನ್ಯದ ಕಡೆಗೆ ಚಾಚುವುದರಿಂದ ಸೋಲಾರ್ ಹಲಗೆಗಳನ್ನು ಆ ನೆರಳಿನಿಂದ ತಪ್ಪಿಸಿ ಕೂರಿಸಬೇಕು, ಅಷ್ಟೇ.

ಈಗ ಕೂಡಿದ ಬಯಕೆಗಳನ್ನು ಮೂರು ಸಾಲಾಗಿ ವಿಂಗಡಿಸಿ: ಕಟ್ಟಿದ ಮೇಲೆ ಬದಲಿಸಲಾಗದವು, ಕಷ್ಟಪಟ್ಟು ಬದಲಿಸಬಹುದಾದವು, ಯಾವಾಗ ಬೇಕಾದರೂ ಸೇರಿಸಬಹುದಾದವು. ದಿಕ್ಕು, ಪಾಯ, ಸಂಪು, ಮೆಟ್ಟಿಲಿನ ಜಾಗ, ಪೈಪಿನ ದಾರಿ ಮೊದಲ ಸಾಲಿನವು. ಕಿಟಕಿ, ನೆಲಹಾಸು, ಅಡುಗೆ ಕಟ್ಟೆ ಎರಡನೆಯವು. ಫಾಲ್ಸ್ ಸೀಲಿಂಗ್, ಬಣ್ಣ, ಟಿ.ವಿ. ಗೋಡೆಯ ಅಲಂಕಾರ, ಮುಂಭಾಗದ ಕಲ್ಲಿನ ಹೊದಿಕೆ ಮೂರನೆಯವು. ಹಣ ಸಾಲದೆ ಬಂದಾಗ ಕೆಳಗಿನಿಂದ ಅಳಿಸುತ್ತ ಬನ್ನಿ, ಮೇಲಿನ ಸಾಲನ್ನು ಮುಟ್ಟಬೇಡಿ. ಈ ಹಾಳೆಯ ಒಂದು ಪ್ರತಿಯನ್ನು ಎಂಜಿನಿಯರಿಗೂ ಇನ್ನೊಂದನ್ನು ಮೇಸ್ತ್ರಿಗೂ ಕೊಟ್ಟು, ಚದರಕ್ಕೆ ಇಷ್ಟು ಎಂದು ಅವರು ಹೇಳುವ ದರದಲ್ಲಿ ಸಂಪು, ಕಾಂಪೌಂಡು, ಗೇಟು, ಶೌಚದ ಗುಂಡಿ, ಮಳೆನೀರಿನ ಪೈಪು ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಪ್ರತಿಯೊಂದರ ಮುಂದೆಯೂ ಅವರ ಕೈಯಲ್ಲೇ ಬರೆಸಿಕೊಂಡು, ಆಮೇಲೆ ಮುಂಗಡ ಕೊಡಿ.